ಸ್ತನ ಕ್ಯಾನ್ಸರ್ ಸಂಶೋಧನೆಗೆ ಚಿಕ್ಕಮಗಳೂರಿನಲ್ಲಿ ಗಾಲಾ ಡಿನ್ನರ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಗಾಲಾ ಡಿನ್ನರ್, ಅಂದರೆ ಟಿಕೆಟ್ ಮಾರಿ ದೇಣಿಗೆ ಎತ್ತುವ ಔತಣಕೂಟ ಮಾಡ್ತೀವಿ, ಸ್ವಲ್ಪ ದಾರಿ ಹೇಳಿ ಅಂತ ಬರುವವರು ಅಷ್ಟು ಹೊತ್ತಿಗೆ ಹಾಲ್ ಬುಕ್ ಮಾಡಿಬಿಟ್ಟಿರುತ್ತಾರೆ. ಗಾಯಕರಿಗೆ ಅಡ್ವಾನ್ಸ್ ಹೋಗಿರುತ್ತದೆ. ಗುಲಾಬಿ ಬಣ್ಣದ ಬ್ಯಾನರ್ ಪ್ರಿಂಟ್ ಆಗುತ್ತಿರುತ್ತದೆ. ಹಣ ಯಾರಿಗೆ ಅಂತ ಕೇಳಿದರೆ 'ಕ್ಯಾನ್ಸರ್ ರಿಸರ್ಚ್‌ಗೆ' ಎನ್ನುತ್ತಾರೆ. ಯಾವ ರಿಸರ್ಚ್, ಯಾವ ಸಂಸ್ಥೆ ಅನ್ನುವುದು ಇನ್ನೂ ತೀರ್ಮಾನವಾಗಿರುವುದಿಲ್ಲ.

ಹೀಗೆ ಶುರುವಾದ ಕಾರ್ಯಕ್ರಮಗಳಿಗೆ ಜನ ಬರುತ್ತಾರೆ, ಊಟ ಮಾಡುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ಖರ್ಚು ಕಳೆದ ಮೇಲೆ ಉಳಿದದ್ದು ಒಂದು ಚೆಕ್ ಆಗಿ ಯಾವುದೋ ಆಸ್ಪತ್ರೆಯ ಸಾಮಾನ್ಯ ಖಾತೆಗೆ ಹೋಗುತ್ತದೆ. ಆ ಹಣದಿಂದ ಏನಾಯಿತು ಅಂತ ಮುಂದಿನ ವರ್ಷ ಯಾರೂ ಹೇಳಲಾರರು. ಕೊಟ್ಟವರು ಮತ್ತೆ ಕೊಡುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಟ್ಟು ಆರು ತಿಂಗಳು ಬೇಕು. ಹಾಲ್ ಬುಕ್ ಮಾಡುವುದು ಆರನೇ ಹಂತ.

## ಹಂತ 1: ಹಣ ಯಾವ ಸಂಶೋಧನೆಗೆ ಅಂತ ಬರವಣಿಗೆಯಲ್ಲಿ ತೀರ್ಮಾನಿಸಿ

ಮೊದಲು ಒಂದು ವಿಷಯ ನಿಮ್ಮ ಸಮಿತಿಯಲ್ಲೇ ಸ್ಪಷ್ಟವಾಗಲಿ. ರೋಗಿಗಳ ಚಿಕಿತ್ಸೆಗೆ ನೆರವು ಬೇರೆ, ತಪಾಸಣಾ ಶಿಬಿರ ಬೇರೆ, ಸಂಶೋಧನೆ ಬೇರೆ. ಮೂರೂ ಒಳ್ಳೆಯ ಕೆಲಸಗಳೇ. ಆದರೆ ಟಿಕೆಟ್ ಮೇಲೆ ಸಂಶೋಧನೆ ಅಂತ ಬರೆದು ಕೀಮೋ ಬಿಲ್ ಕಟ್ಟಿದರೆ ಕೊಟ್ಟವರಿಗೆ ಸುಳ್ಳು ಹೇಳಿದಂತೆ.

ಸಂಶೋಧನೆ ಎಂದರೆ ಮೈಕ್ರೋಸ್ಕೋಪ್, ಬಿಳಿ ಕೋಟು ಅಂತಲೇ ಬಹಳ ಜನರ ಕಲ್ಪನೆ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಒಂದು ಅಧ್ಯಯನ ನೋಡಿ. ಕೊಳೆಗೇರಿಗಳಲ್ಲಿ ವಾಸವಿದ್ದ 1.5 ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆ ಇತ್ತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಮೂಡಿಗೆರೆ ಕಡೆಯ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಯಲ್ಲಿರುವ ಹೆಣ್ಣುಮಗಳಿಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ದೂರದ ಮಾತು. ಕೈ ಪರೀಕ್ಷೆ ಅವಳ ಮನೆ ಬಾಗಿಲಿಗೇ ಹೋಗಬಹುದು. ಇದನ್ನು ತಿಳಿಯಲು ಇಪ್ಪತ್ತು ವರ್ಷ ಮನೆಮನೆ ಸುತ್ತಬೇಕಾಯಿತು. ಸುತ್ತಿದವರಿಗೆ ಸಂಬಳ ಕೊಡಬೇಕಾಯಿತು. ಸಂಶೋಧನೆಯ ಹಣ ಹೋಗುವುದು ಹೆಚ್ಚಾಗಿ ಇಂಥದ್ದಕ್ಕೇ.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರೆ ಏನಾಗುತ್ತದೆ ಅಂತ 1,583 ಮಹಿಳೆಯರಲ್ಲಿ ನೋಡಿದರು. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಅಗ್ಗದ ಅರಿವಳಿಕೆ. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ 86.4ರಿಂದ ಶೇ 90.1ಕ್ಕೆ ಏರಿತ್ತು. ಇಂಥ ಪ್ರಶ್ನೆಗೆ ಔಷಧ ಕಂಪನಿಗಳು ಹಣ ಹಾಕುವುದು ಕಡಿಮೆ, ಮಾರಲು ಹೊಸ ಔಷಧವೇ ಇಲ್ಲವಲ್ಲ. ನಮ್ಮ ಊರಿನ ಹಣಕ್ಕೆ ಇಂಥ ಕಡೆ ಬೆಲೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಸಂಸ್ಥೆ ಆರಿಸಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ, ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಸೆಂಟರ್ ಇದೆ. ಎರಡು ಮೂರು ಕಡೆ ಪತ್ರ ಬರೆಯಿರಿ. ಪತ್ರದಲ್ಲಿ ಈ ಪ್ರಶ್ನೆಗಳಿರಲಿ:

- ಸ್ತನ ಕ್ಯಾನ್ಸರ್ ಮೇಲೆ ಈಗ ನಡೆಯುತ್ತಿರುವ ಅಥವಾ ಮಂಜೂರಾಗಿರುವ ಅಧ್ಯಯನ ಯಾವುದು?
- ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ? ಚಿಕಿತ್ಸಾ ಪ್ರಯೋಗವಾಗಿದ್ದರೆ ಸಿಟಿಆರ್‌ಐ (ಇಂಥ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಏನು?
- ದೇಣಿಗೆಯನ್ನು ಆ ಅಧ್ಯಯನಕ್ಕೆ ಮಾತ್ರ ಮೀಸಲಿಡಲು ಸಾಧ್ಯವೇ? ಆಡಳಿತ ವೆಚ್ಚ ಅಂತ ಶೇಕಡಾ ಎಷ್ಟು ಹಿಡಿಯುತ್ತೀರಿ?
- ನಮ್ಮ ಹಣ ಯಾವ ಸಾಲಿಗೆ ಹೋಗುತ್ತದೆ: ಸಂಶೋಧನಾ ನರ್ಸ್ ಸಂಬಳವೋ, ಮಾದರಿ ಇಡುವ ಫ್ರೀಜರೋ, ರೋಗಿಗಳ ಓಡಾಟದ ಖರ್ಚೋ? ಒಂದೊಂದಕ್ಕೂ ಬೆಲೆ ಎಷ್ಟು?
- ವರ್ಷದ ನಂತರ ಒಂದು ಪುಟದ ವರದಿ ಕೊಡುತ್ತೀರಾ?

ನಾಲ್ಕನೇ ಪ್ರಶ್ನೆಯ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಆ ಸಂಜೆ ಹಣ ಕೇಳುವಾಗ ಅದೇ ನಿಮ್ಮ ಬಂಡವಾಳ.

ಎಚ್ಚರಿಕೆಯ ಗುರುತು: 'ನೀವು ಹಣ ಕಳಿಸಿ, ಎಲ್ಲಿ ಬೇಕೋ ಅಲ್ಲಿ ಬಳಸ್ತೀವಿ' ಎಂಬ ಉತ್ತರ ಬಂದರೆ ಮುಂದಿನ ಸಂಸ್ಥೆಯನ್ನು ಕೇಳಿ. ಉತ್ತರವೇ ಬರದಿದ್ದರೆ ದಿನ ಮುಂದಕ್ಕೆ ಹಾಕಿ. ಪತ್ರ ಕೈಗೆ ಬರುವ ತನಕ ಎರಡನೇ ಹಂತಕ್ಕೆ ಕಾಲಿಡಬೇಡಿ.

## ಹಂತ 2: ಹಣದ ದಾರಿ ಹಾಕಿಕೊಳ್ಳಿ

ದೇಣಿಗೆ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಬೇಕು. ಸಮಿತಿಯ ಅಧ್ಯಕ್ಷರ ಗೂಗಲ್ ಪೇಗೆ ಅಲ್ಲ, ಖಜಾಂಚಿಯ ಉಳಿತಾಯ ಖಾತೆಗೂ ಅಲ್ಲ. ಅವರು ಎಷ್ಟೇ ಒಳ್ಳೆಯವರಾಗಿರಲಿ. ಸಂಸ್ಥೆಯ ಖಾತೆ ಸಂಖ್ಯೆ, ಕ್ಯೂಆರ್ ಕೋಡ್, ರಸೀದಿ ಕೊಡುವ ವಿಧಾನ ಮೂರನ್ನೂ ಪತ್ರದ ಮೂಲಕವೇ ತರಿಸಿಕೊಳ್ಳಿ. ಊಟದ ಖರ್ಚಿನ ಹಣಕ್ಕೆ ನಿಮ್ಮ ಸಂಘದ ಹೆಸರಿನಲ್ಲಿ ಬೇರೆ ಖಾತೆ ಇರಲಿ, ಇಬ್ಬರ ಸಹಿ ಇರಲಿ.

ತೆರಿಗೆ ವಿಷಯದಲ್ಲಿ ಎಡವುವವರು ಬಹಳ. 80ಜಿ ವಿನಾಯಿತಿ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ನಗದು 2,000 ರೂಪಾಯಿ ದಾಟಿದರೆ ಆ ದೇಣಿಗೆಗೆ ವಿನಾಯಿತಿ ಇಲ್ಲ. ಟಿಕೆಟ್ ಹಣಕ್ಕೆ ಬದಲಾಗಿ ಊಟ, ಸಂಗೀತ ಸಿಗುವುದರಿಂದ ಪೂರ್ತಿ ಟಿಕೆಟ್ ದೇಣಿಗೆ ಅಂತ ರಸೀದಿ ಕೊಡುವುದು ತಪ್ಪು. ಊಟದ ಪಾಲು ಎಷ್ಟು, ದೇಣಿಗೆ ಎಷ್ಟು ಅಂತ ಮೊದಲೇ ಬೇರೆ ಮಾಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್, ಫಾರಂ ನಂಬರ್‌ಗಳನ್ನು ಪ್ರಿಂಟ್ ಮಾಡುವ ಮುಂಚೆ ಆಡಿಟರ್‌ಗೆ ಒಮ್ಮೆ ತೋರಿಸಿ.

ಅಂದ ಹಾಗೆ, ನಮ್ಮ ಜಿಲ್ಲೆಯಲ್ಲಿ ತೆರಿಗೆ ವಿನಾಯಿತಿಯನ್ನೇ ಮುಂದಿಟ್ಟು ಕೇಳುವುದರಿಂದ ಲಾಭ ಅಷ್ಟಕ್ಕಷ್ಟೇ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ತೋಟದ ಆದಾಯವೊಂದೇ ಇರುವ ಹೆಚ್ಚಿನ ಬೆಳೆಗಾರರಿಗೆ 80ಜಿ ರಸೀದಿ ಏನೂ ಉಳಿಸುವುದಿಲ್ಲ. ಅವರು ಕೊಟ್ಟರೆ ಮನಸ್ಸಿಗೆ ಬಂದು ಕೊಡುತ್ತಾರೆ. ರೆಸಾರ್ಟ್, ಅಂಗಡಿ ನಡೆಸುವವರಿಗೆ, ಡಾಕ್ಟರ್‌ಗಳಿಗೆ ರಸೀದಿ ಮುಖ್ಯ.

ವಿದೇಶದ ಹಣ ಇನ್ನೂ ಸೂಕ್ಷ್ಮ. ಇಲ್ಲಿ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಆಸ್ಟ್ರೇಲಿಯಾದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ರಜೆಗೆ ಊರಿಗೆ ಬಂದು ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇರಬೇಕು, ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅದರ ನಿಗದಿತ ಖಾತೆಗೇ ಬರಬೇಕು. ಹಾಗಾಗಿ ದೇಣಿಗೆ ಕಾರ್ಡ್‌ನಲ್ಲಿ 'ಯಾವ ದೇಶದ ಪೌರರು' ಅಂತ ಒಂದು ಸಾಲು ಇರಲೇಬೇಕು.

## ಹಂತ 3: ದಿನ ಗೊತ್ತು ಮಾಡಿ

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು, ಅದೇ ತಿಂಗಳು ಮಾಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಮಲೆನಾಡಿಗೆ ಅದು ಒಳ್ಳೆಯ ತಿಂಗಳಲ್ಲ. ಮಳೆ ಪೂರ್ತಿ ಹೋಗಿರುವುದಿಲ್ಲ. ದಸರಾ, ದೀಪಾವಳಿ ಹತ್ತಿರ. ಹಾಸನದಲ್ಲಿ ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವುದೂ ದೀಪಾವಳಿಯ ಆಸುಪಾಸಿನಲ್ಲೇ. ಆಗ ರೂಮ್ ಸಿಗುವುದಿಲ್ಲ, ಪೊಲೀಸರಿಗೂ ಬಿಡುವಿಲ್ಲ. ಮುಖ್ಯವಾಗಿ, ಬೆಳೆಗಾರರ ಕೈಯಲ್ಲಿ ಆಗ ಹಣ ಇರುವುದಿಲ್ಲ. ಕೊಯ್ಲಿನ ಕೂಲಿಗೆ ಹಣ ಹೊಂದಿಸುವ ಕಾಲ ಅದು.

ನವೆಂಬರ್‌ನಿಂದ ಜನವರಿ ತನಕ ಅರೇಬಿಕಾ ಕೊಯ್ಲು. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಬಂದೋಬಸ್ತ್ ಕೂಡ ಸೇರುತ್ತದೆ. ಆ ಮೇಲೆ ರೊಬಸ್ಟಾ. ನನ್ನ ಪ್ರಕಾರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಹೊತ್ತು ಸರಿ. ಅರೇಬಿಕಾ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಸಾಕಷ್ಟು ಮಾರಾಟವಾಗಿರುತ್ತದೆ. ರಸೀದಿ ಬೇಕಾದವರಿಗೆ ಮಾರ್ಚ್ 31 ಹತ್ತಿರ ಬಂದಿರುತ್ತದೆ. ಮಳೆಯ ಭಯ ಕಡಿಮೆ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯವರು ಬರುವುದಿಲ್ಲ, ಆ ಕೊರತೆ ಇದ್ದೇ ಇದೆ.

ವಾರ ಯಾವುದು? ಶನಿವಾರ ಬೇಡ. ವಾರಾಂತ್ಯಕ್ಕೆ ಬೆಂಗಳೂರಿನ ಪ್ರವಾಸಿಗರು ತುಂಬಿ ಚಿಕ್ಕಮಗಳೂರಿನಲ್ಲಿ ರೂಮ್ ಬಾಡಿಗೆ ಏರುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ. ಗುರುವಾರ ಸಂಜೆ ಮಾಡಿ. ಮರುದಿನ ಬ್ಯಾಂಕೂ ತೆರೆದಿರುತ್ತದೆ.

## ಹಂತ 4: ಟಿಕೆಟ್ ಅಚ್ಚು ಹಾಕುವ ಮೊದಲು ಖರ್ಚಿನ ಹಣ ಹುಟ್ಟಿಸಿ

ಹೆಚ್ಚಿನ ಕಾರ್ಯಕ್ರಮಗಳು ಸೋಲುವುದು ಇಲ್ಲೇ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 200 ಜನ, ಟಿಕೆಟ್ 3,000 ರೂಪಾಯಿ. ಒಟ್ಟು 6 ಲಕ್ಷ. ಕೇಳಲು ಚೆನ್ನಾಗಿದೆ. ಈಗ ಖರ್ಚು ನೋಡಿ:

- ಊಟ, ಒಬ್ಬರಿಗೆ 900ರಂತೆ: 1,80,000
- ಹಾಲ್, ದೀಪ, ಜನರೇಟರ್: 60,000
- ಮೈಕ್, ಸಂಗೀತ: 35,000
- ಅಚ್ಚು, ಕಾರ್ಡ್: 15,000
- ಅತಿಥಿಗಳ ಓಡಾಟ, ರೂಮ್: 10,000

ಒಟ್ಟು 3 ಲಕ್ಷ. ಟಿಕೆಟ್ ಹಣದ ಅರ್ಧ ಊಟಕ್ಕೂ ದೀಪಕ್ಕೂ ಹೋಯಿತು. 200ರಲ್ಲಿ 60 ಜನ ಬರದೆ, ಹಣವನ್ನೂ ಕೊಡದೆ ಹೋದರೆ ಉಳಿಯುವುದು ಇನ್ನೂ ಕಡಿಮೆ, ಯಾಕೆಂದರೆ ಅಡುಗೆಯವರಿಗೆ 200 ಎಲೆ ಅಂತ ಹೇಳಿಯಾಗಿರುತ್ತದೆ.

ಇದಕ್ಕೆ ಮದ್ದು ಒಂದೇ. ಟಿಕೆಟ್ ಅಚ್ಚಿಗೆ ಹೋಗುವ ಮೊದಲೇ ಆ 3 ಲಕ್ಷವನ್ನು ಕೆಲವೇ ಮನೆಗಳಿಂದ, ಅಂಗಡಿಗಳಿಂದ ಹೊಂದಿಸಿ. ಹಣವೇ ಬೇಕೆಂದಿಲ್ಲ. ಒಬ್ಬರು ಹಾಲ್ ಕೊಡಲಿ, ಒಬ್ಬರು ಅಕ್ಕಿ, ತರಕಾರಿ ಕೊಡಲಿ, ಕಾಫಿಪುಡಿ ತೋಟದಿಂದ ಬರಲಿ. ಆಮೇಲೆ ಟಿಕೆಟ್ ಮೇಲೆ 'ಈ ಸಂಜೆಯ ಖರ್ಚನ್ನು ದಾನಿಗಳು ವಹಿಸಿಕೊಂಡಿದ್ದಾರೆ, ನಿಮ್ಮ ಪೂರ್ತಿ ಹಣ ಸಂಶೋಧನೆಗೆ' ಅಂತ ಧೈರ್ಯವಾಗಿ ಬರೆಯಬಹುದು. ಈ ಒಂದು ಸಾಲಿಗೆ ಗಾಯಕರ ಹೆಸರಿಗಿಂತ ಜಾಸ್ತಿ ಶಕ್ತಿ ಇದೆ. ಊಟದ ಬೆಲೆಯನ್ನು ರಸೀದಿಯಲ್ಲಿ ಹೇಗೆ ತೋರಿಸಬೇಕು ಅಂತ ಆಗಲೂ ಆಡಿಟರನ್ನು ಕೇಳಿ.

ಖರ್ಚು ಹೊಂದದಿದ್ದರೆ ಕಾರ್ಯಕ್ರಮ ಸಣ್ಣದು ಮಾಡಿ. 80 ಜನರ ಊಟ, ಒಂದು ಬಂಗಲೆಯ ಅಂಗಳ, ಸುಮ್ನೆ ಒಂದು ಮೈಕ್. ಅದರಲ್ಲೂ ಒಳ್ಳೆಯ ಹಣ ಏಳುತ್ತದೆ.

ಇನ್ನೊಂದು ಮಾತು. ತೋಟದ ಕಾರ್ಮಿಕರ ಒಂದು ದಿನದ ಕೂಲಿ ಹಿಡಿದು 'ಅವರ ಕೊಡುಗೆ' ಅಂತ ಸೇರಿಸುವ ಸಲಹೆ ಸಮಿತಿಯಲ್ಲಿ ಯಾರಾದರೂ ಕೊಡಬಹುದು. ಒಪ್ಪಬೇಡಿ. ಕೂಲಿ ಕಡಿತ ದಾನವಲ್ಲ.

## ಹಂತ 5: ಪ್ರಾಯೋಜಕರು: ಯಾರಿಗೆ ಹೌದು, ಯಾರಿಗೆ ಬೇಡ

ಮದ್ಯದ ಕಂಪನಿ, ಗುಟ್ಕಾ, ಸಿಗರೇಟಿನ ಹಣ ಬೇಡ. ಮದ್ಯಪಾನ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ ಅನ್ನುವುದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಇದೇ ಕಾರಣಕ್ಕೆ ಆ ಸಂಜೆ ಮದ್ಯ ಇಡಲೇಬೇಡಿ. 'ಡ್ರಿಂಕ್ಸ್ ಇಲ್ಲದಿದ್ದರೆ ಪ್ಲಾಂಟರ್ಸ್ ಬರಲ್ಲ' ಎನ್ನುವವರು ಇದ್ದೇ ಇರುತ್ತಾರೆ. ಬರುತ್ತಾರೆ. ಯಾಕೆ ಇಟ್ಟಿಲ್ಲ ಅಂತ ಆಹ್ವಾನ ಪತ್ರದಲ್ಲೇ ಎರಡು ಸಾಲು ಬರೆಯಿರಿ. ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿ, ಅದರ ಶುಲ್ಕ, ರಾತ್ರಿ ಘಾಟಿಯಲ್ಲಿ ಕುಡಿದು ಕಾರು ಓಡಿಸುವವರ ಚಿಂತೆ, ಎಲ್ಲವೂ ತಪ್ಪುತ್ತದೆ.

'ಕ್ಯಾನ್ಸರ್ ಗುಣಪಡಿಸುವ' ಕಷಾಯ, ಪುಡಿ, ಎಣ್ಣೆ ಮಾರುವವರಿಗೂ ಮಳಿಗೆ ಕೊಡಬೇಡಿ. ಎಷ್ಟೇ ಹಣ ಕೊಡಲಿ.

ಜಿಎಸ್‌ಟಿ ಬಗ್ಗೆ ಒಂದು ವ್ಯತ್ಯಾಸ ಗೊತ್ತಿರಲಿ. ದಾನಿಯ ಹೆಸರನ್ನು ಕೃತಜ್ಞತೆಗಾಗಿ ಹಾಕಿದರೆ, ವ್ಯಾಪಾರದ ಪ್ರಚಾರ ಇಲ್ಲದಿದ್ದರೆ, ಅದಕ್ಕೆ ತೆರಿಗೆ ಇಲ್ಲ ಅಂತ 2019ರ ಸುತ್ತೋಲೆಯೊಂದು ಸ್ಪಷ್ಟಪಡಿಸಿದೆ. ಅದೇ ದಾನಿಯ ಅಂಗಡಿಯ ಲೋಗೊ, ಆಫರ್, ಫೋನ್ ನಂಬರ್ ಬ್ಯಾನರಿಗೆ ಬಂದರೆ ಅದು ಜಾಹೀರಾತು ಸೇವೆ ಆಗಬಹುದು. ಹೆಸರು ಮಾತ್ರ ಹಾಕಿ.

ಕಂಪನಿಗಳ ಸಿಎಸ್‌ಆರ್ ಹಣವನ್ನು, ಅಂದರೆ ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಟ್ಟ ಹಣವನ್ನು, ಕಾರ್ಯಕ್ರಮಕ್ಕೆ ಕೇಳಬೇಡಿ. ಇಂಥ ಒಂದು ದಿನದ ಕಾರ್ಯಕ್ರಮ, ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಸಂಸ್ಥೆಗೆ ಇಂಥ ಹಣ ಪಡೆಯುವ ಸಿಎಸ್‌ಆರ್-1 ನೋಂದಣಿ ಇದ್ದರೆ ಕಂಪನಿ ನೇರವಾಗಿ ಅಧ್ಯಯನಕ್ಕೇ ಕೊಡಲಿ.

## ಹಂತ 6: ಜಾಗ ಮತ್ತು ಅನುಮತಿ

ದೂರದ ರೆಸಾರ್ಟ್ ಚಿತ್ರಕ್ಕೆ ಚೆಂದ. ಆದರೆ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಯುಪಿಐ ಸತ್ತಂತೆ. ಜಾಗ ನೋಡಲು ಹೋದಾಗ ಹಾಲಿನ ನಾಲ್ಕು ಮೂಲೆಯಲ್ಲಿ ನಿಂತು ಒಂದೊಂದು ರೂಪಾಯಿ ಕಳಿಸಿ ನೋಡಿ. ಜಿಯೊ, ಏರ್‌ಟೆಲ್ ಎರಡರಲ್ಲೂ ನೋಡಿ. ಚಕ್ರ ತಿರುಗುತ್ತಾ ನಿಂತರೆ ಆ ಜಾಗ ಬೇಡ, ಇಲ್ಲವೇ ವೈಫೈ ಹಾಕಿಸಿ. ಪಟ್ಟಣದೊಳಗಿನ ಹಾಲ್ ಆದರೆ ಈ ತಲೆನೋವಿಲ್ಲ.

ಅನುಮತಿಗಳು ಬೇಗ ಹೇಳಿಬಿಡುತ್ತೇನೆ. ಪೊಲೀಸ್ ಠಾಣೆಯಿಂದ ಧ್ವನಿವರ್ಧಕದ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಹಾಕುವಂತಿಲ್ಲ. ಸಿನಿಮಾ ಹಾಡು ಹಾಕುವುದಾದರೆ ಹಾಡುಗಳ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್, ಪಿಪಿಎಲ್ ಸಂಸ್ಥೆಗಳ ಪರವಾನಗಿ ವಿಚಾರಿಸಿ. ಅಡುಗೆಯವರ ಬಳಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಇರಲಿ. ಎಲ್ಲಕ್ಕೂ ಒಂದು ತಿಂಗಳು ಮೊದಲೇ ಅರ್ಜಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಲಕ್ಕಿ ಡಿಪ್ ಟಿಕೆಟ್ ಮಾರಬೇಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಒಳ್ಳೆಯ ಉದ್ದೇಶ ಅನ್ನುವುದು ಅಲ್ಲಿ ನೆಪವಾಗುವುದಿಲ್ಲ.

## ಹಂತ 7: ಹರಾಜಿಗೆ ಏನಿಡಬೇಕು

ಆರೇಳು ವಸ್ತು ಸಾಕು. ಹತ್ತು ದಾಟಿದರೆ ಜನ ಮಾತಿಗಿಳಿಯುತ್ತಾರೆ. ಇಲ್ಲಿ ಚೆನ್ನಾಗಿ ಹೋಗುವುದು ಹಣ ಕೊಟ್ಟರೂ ಸುಲಭಕ್ಕೆ ಸಿಗದ ಸಂಗತಿಗಳು. ಹಳೆಯ ತೋಟದ ಬಂಗಲೆಯಲ್ಲಿ ಎರಡು ರಾತ್ರಿ. ಒಂದೇ ತೋಟದ, ಒಂದೇ ದಿನ ಕೊಯ್ದ ಅರೇಬಿಕಾ ಹುರಿದು ಕೊಡುವುದು, ವರ್ಷವಿಡೀ ತಿಂಗಳಿಗೆ ಒಂದು ಕಿಲೊ. ಊರಿನ ಹೆಸರಾಂತ ಅಡುಗೆಯವರು ನಿಮ್ಮ ಮನೆಗೇ ಬಂದು ಹನ್ನೆರಡು ಜನಕ್ಕೆ ಕಡುಬು, ಅಕ್ಕಿರೊಟ್ಟಿ, ಕೋಳಿಸಾರಿನ ಊಟ ಹಾಕುವುದು. ಒಂದು ಮೂಟೆ ಕಾಳುಮೆಣಸು.

ಒಂದು ಗಂಭೀರ ಎಚ್ಚರಿಕೆ. ಹಳೆಯ ಬಂಗಲೆಗಳ ಗೋಡೆಯ ಮೇಲೆ ಕಡವೆ ಕೊಂಬು, ಹುಲಿ ಚರ್ಮ, ಕಾಟಿ ತಲೆ ಇರುತ್ತವೆ. 'ತಾತನ ಕಾಲದ್ದು, ಹರಾಜಿಗೆ ಇಡಿ' ಅಂತ ಯಾರಾದರೂ ತಂದುಕೊಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಮಾರುವುದು ಅಪರಾಧ. ವೇದಿಕೆಗೆ ತರಲೇಬೇಡಿ. ಬೀಟೆ, ಶ್ರೀಗಂಧದ ಮರದ ತುಂಡು, ಮನೆಯಲ್ಲಿ ಮಾಡಿದ ವೈನ್ ಕೂಡ ಬೇಡ.

ಪ್ರತಿ ವಸ್ತುವಿಗೂ ಒಂದು ಕಾಗದ ಇರಲಿ: ಕೊಟ್ಟವರು ಯಾರು, ಕನಿಷ್ಠ ಬೆಲೆ ಎಷ್ಟು, ಯಾವ ತಾರೀಖಿನೊಳಗೆ ಬಳಸಬೇಕು. 'ಯಾವಾಗ ಬೇಕಾದರೂ ಬನ್ನಿ' ಅಂತ ಬರೆದ ಬಂಗಲೆ ವಾಸ ಕೊನೆಗೆ ಜಗಳಕ್ಕೆ ತಿರುಗುತ್ತದೆ.

## ಹಂತ 8: ವೇದಿಕೆ ಮೇಲೆ ಯಾರು, ಎಷ್ಟು ಹೊತ್ತು

ಸಂಶೋಧಕರೊಬ್ಬರು ಬರಲೇಬೇಕು. ಹನ್ನೆರಡು ನಿಮಿಷ, ಕನ್ನಡದಲ್ಲಿ. ಬೆಂಗಳೂರಿನಿಂದ ಬಂದರೆ ಅದೇ ರಾತ್ರಿ ವಾಪಸ್ ಹೋಗುವಂತೆ ಮಾಡಬೇಡಿ, ರೂಮ್ ಮಾಡಿ. ಅವರಿಗೆ ಮೊದಲೇ ಹೇಳಿ: ಸ್ಲೈಡ್ ಐದೇ ಇರಲಿ, ಗಾಯದ ಚಿತ್ರ ಬೇಡ, ನಿಮ್ಮ ಪ್ರಶ್ನೆ ಏನು, ಈ ಹಣ ಬಂದರೆ ಮುಂದಿನ ವರ್ಷ ಏನು ಮಾಡುತ್ತೀರಿ ಅಂತ ಹೇಳಿ. ರೋಗದ ಗಾತ್ರ ಗೊತ್ತಾಗಲು ಒಂದು ಅಂಕಿ ಸಾಕು. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರ ಸಾವುಗಳು ಅಂತ ಜಾಗತಿಕ ಅಂದಾಜು ಹೇಳುತ್ತದೆ.

ಗುಣವಾದ ಮಹಿಳೆಯರನ್ನು ಕರೆಯುವುದು ಬಹಳ ಎಚ್ಚರದ ಕೆಲಸ. ಅವರೇ ಮನಸ್ಸು ಮಾಡಿ ಮಾತಾಡುತ್ತೇನೆ ಎಂದರೆ ಸರಿ. ಸಮಿತಿಯವರು ಮನೆಗೆ ಹೋಗಿ ಒತ್ತಾಯ ಮಾಡುವುದು ಬೇಡ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಏನು ಹೇಳುತ್ತಾರೆ, ಫೋಟೊ ತೆಗೆಯಬಹುದಾ, ವಾಟ್ಸಾಪ್‌ಗೆ ಹಾಕಬಹುದಾ ಅಂತ ಒಂದೊಂದನ್ನೂ ಬೇರೆಯಾಗಿ ಕೇಳಿ. ಕೊನೇ ಗಳಿಗೆಯಲ್ಲಿ ಬೇಡ ಎಂದರೂ ಯಾಕೆ ಅಂತ ಕೇಳಬೇಡಿ.

ನಿರೂಪಕರು ರೋಗದ ಹೆಸರನ್ನು ಮುಜುಗರವಿಲ್ಲದೆ ಹೇಳುವವರಾಗಿರಲಿ. ಭಾಷಣ ಮಾಡಬೇಕೆಂದಿರುವ ಗಣ್ಯರಿಗೆ ಮೂರು ನಿಮಿಷ. ಸನ್ಮಾನ, ಶಾಲು, ಹಾರ, ನೆನಪಿನ ಕಾಣಿಕೆ ಪೂರ್ತಿ ಕೈಬಿಡಿ. ಅದಕ್ಕೆ ಹೋಗುವ ಮುಕ್ಕಾಲು ಗಂಟೆಯಲ್ಲಿ ಹರಾಜು ಮುಗಿಯುತ್ತದೆ.

## ಹಂತ 9: ಆ ಸಂಜೆಯ ಕ್ರಮ

ಸಂಜೆ 5.30ಕ್ಕೆ ಶುರು, 9ಕ್ಕೆ ಮುಕ್ತಾಯ. ಮಲೆನಾಡಿನಲ್ಲಿ ಇದಕ್ಕಿಂತ ತಡ ಮಾಡಬೇಡಿ. ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯವರು ಕತ್ತಲಲ್ಲಿ ತೋಟದ ರಸ್ತೆಯಲ್ಲಿ ಹೋಗಬೇಕು. ಆನೆ ಓಡಾಟದ ಸುದ್ದಿ ಬಂತೆಂದರೆ ಅರ್ಧ ಹಾಲ್ ಎಂಟು ಗಂಟೆಗೇ ಎದ್ದು ಹೋಗುತ್ತದೆ. ಅದು ಅವರ ತಪ್ಪಲ್ಲ. ಹಾಗಾಗಿ ಹಣ ಕೇಳುವ ಕೆಲಸ ಎಲ್ಲವೂ ಊಟಕ್ಕೆ ಮೊದಲು ಮುಗಿಯಬೇಕು.

- 5.30: ಕಾಫಿ, ತಿಂಡಿ, ನೋಂದಣಿ. ಹರಾಜಿನ ವಸ್ತುಗಳು ಬಾಗಿಲ ಬಳಿಯೇ ಕಾಣುವಂತಿರಲಿ.
- 6.15: ಸ್ವಾಗತ, ಒಂದು ಹಾಡು.
- 6.30: ಸಂಶೋಧಕರ ಮಾತು.
- 6.45: ಹರಾಜು.
- 7.20: ನೇರ ದೇಣಿಗೆ.
- 7.45: ಊಟ, ಹಿನ್ನೆಲೆಯಲ್ಲಿ ಸಂಗೀತ.
- 8.40: ಒಟ್ಟು ಮೊತ್ತದ ಘೋಷಣೆ.

ನೋಂದಣಿ ಮೇಜಿನ ಮೇಲೆ ಇರಬೇಕಾದವು: ಹೆಸರಿನ ಪಟ್ಟಿಯ ಎರಡು ಪ್ರತಿ, ಸಂಖ್ಯೆ ಬರೆದ ಹರಾಜು ಫಲಕಗಳು, ದೇಣಿಗೆ ಕಾರ್ಡ್, ಬರೆಯುವ ಪೆನ್ನು ಎಣಿಸಿದ್ದಕ್ಕಿಂತ ದುಪ್ಪಟ್ಟು, ಲ್ಯಾಮಿನೇಟ್ ಮಾಡಿದ ಕ್ಯೂಆರ್ ಕೋಡ್, ಎಮರ್ಜೆನ್ಸಿ ಲೈಟ್. ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಒಂದು ನಿಮಿಷದಲ್ಲಿ ಸಾಲು ಚದುರುತ್ತದೆ.

ಹರಾಜಿನಲ್ಲಿ ದೊಡ್ಡ ವಸ್ತುವನ್ನು ಮೊದಲೂ ಇಡಬೇಡಿ, ಕೊನೆಗೂ ಇಡಬೇಡಿ. ಮೊದಲಿಗೆ ಜನ ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಕೊನೆಗೆ ಸುಸ್ತಾಗಿರುತ್ತಾರೆ. ಮೂರನೆಯದೋ ನಾಲ್ಕನೆಯದೋ ಆಗಿ ಬರಲಿ. ಅದರಲ್ಲಿ ಸೋತವರ ಕೈ ಇನ್ನೂ ಬಿಸಿ ಇರುತ್ತದೆ, ಮುಂದಿನ ವಸ್ತುವಿಗೆ ಅವರೇ ಕೂಗುತ್ತಾರೆ.

ನೇರ ದೇಣಿಗೆಯೇ ಆ ಸಂಜೆಯ ತಿರುಳು. ಸಂಸ್ಥೆ ಕೊಟ್ಟ ಬೆಲೆಪಟ್ಟಿ ತೆಗೆಯಿರಿ. ದೊಡ್ಡ ಮೊತ್ತದಿಂದ ಇಳಿಯುತ್ತಾ ಬನ್ನಿ: 1 ಲಕ್ಷ, 50 ಸಾವಿರ, 25 ಸಾವಿರ, 10 ಸಾವಿರ, 5 ಸಾವಿರ, 1 ಸಾವಿರ. ಪ್ರತಿ ಮೆಟ್ಟಿಲಲ್ಲೂ ಆ ಹಣ ಏನು ಮಾಡುತ್ತದೆ ಅಂತ ಒಂದೇ ವಾಕ್ಯ ಹೇಳಿ, ಸುಮ್ಮನಾಗಿ. ಹತ್ತು ಸೆಕೆಂಡ್ ಮೌನ ಇರುತ್ತದೆ. ನಿರೂಪಕರು ಆ ಮೌನಕ್ಕೆ ಹೆದರಿ ಜೋಕ್ ಶುರು ಮಾಡಿದರೆ ಮೇಲೇಳುತ್ತಿದ್ದ ಕೈ ಕೆಳಗಿಳಿಯುತ್ತದೆ. ಪ್ರತಿ ಮೊತ್ತಕ್ಕೂ ಮೊದಲ ಕೈ ಎತ್ತುವವರು ಒಬ್ಬರು ಇರಲಿ. ಅವರು ನಿಜವಾಗಿ ಕೊಡುವವರೇ ಆಗಿರಲಿ, ನಾಟಕ ಬೇಡ.

ನಮ್ಮವರಿಗೆ ಎಲ್ಲರೆದುರು ಕೈ ಎತ್ತಲು ಸಂಕೋಚ, ಅಲ್ವಾ? ಹಾಗಾಗಿ ದೇಣಿಗೆ ಕಾರ್ಡ್ ಪ್ರತಿ ತಟ್ಟೆಯ ಪಕ್ಕ ಇರಲಿ. ಹೆಸರು, ಫೋನ್, ಪ್ಯಾನ್, ಪೌರತ್ವ, ಮೊತ್ತ, 'ಹೆಸರು ಹೇಳಬೇಡಿ' ಎಂಬ ಚೌಕ, ಸಹಿ. ಮಡಿಸಿ ಕೊಡುವಂತಿರಲಿ. ಪ್ರತಿ ಎರಡು ಮೇಜಿಗೆ ಒಬ್ಬ ಸ್ವಯಂಸೇವಕ ನಿಂತು ಕಾರ್ಡ್ ತೆಗೆದುಕೊಳ್ಳಲಿ. ಊಟ ಮುಗಿದ ಮೇಲೆ ಕೊಡ್ತೀನಿ ಎಂದ ಕಾರ್ಡ್ ವಾಪಸ್ ಬರುವುದು ಅಪರೂಪ.

ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ ಇರುತ್ತದೆ. ದೊಡ್ಡ ಮೊತ್ತದವರಿಗೆ ಚೆಕ್ ಅಥವಾ ಮರುದಿನ ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಲು ನೆಫ್ಟ್ ವಿವರ ಮುದ್ರಿಸಿ ಇಟ್ಟಿರಿ. ನಗದು ಬಂದರೆ ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಅಲ್ಲೇ ಮೊಹರು ಮಾಡಿ.

8.40ರ ಘೋಷಣೆಯಲ್ಲಿ ಎರಡು ಅಂಕಿ ಬೇರೆ ಬೇರೆ ಹೇಳಿ: ಈಗಾಗಲೇ ಜಮಾ ಆದದ್ದು, ಮಾತು ಕೊಟ್ಟದ್ದು. ಎರಡನ್ನೂ ಕೂಡಿಸಿ ದೊಡ್ಡ ಸಂಖ್ಯೆ ಕೂಗಿದರೆ ಆಮೇಲೆ ಉತ್ತರ ಹೇಳಬೇಕಾದವರು ನೀವೇ.

## ಹಂತ 10: ಮರುದಿನದಿಂದ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಖಜಾಂಚಿ ಮತ್ತು ಇನ್ನೊಬ್ಬರು ಬ್ಯಾಂಕಿನಲ್ಲಿರಬೇಕು. ಅದೇ ದಿನ ಮಾತು ಕೊಟ್ಟವರಿಗೆಲ್ಲ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ವಾರ ಕಳೆದರೆ ಉತ್ಸಾಹ ಇಳಿಯುತ್ತದೆ. ಎರಡು ವಾರಕ್ಕೆ ಮತ್ತೊಮ್ಮೆ ನೆನಪಿಸಿ, ಒಂದು ತಿಂಗಳಿಗೆ ನಿಲ್ಲಿಸಿ. ಕಾಡಿ ಬೇಡಿ ತಂದ ಹಣಕ್ಕಿಂತ ಮುಂದಿನ ವರ್ಷದ ಸ್ನೇಹ ದೊಡ್ಡದು.

ಮೂವತ್ತು ದಿನದೊಳಗೆ ಒಂದು ಪುಟದ ಲೆಕ್ಕ ಎಲ್ಲರಿಗೂ ಹೋಗಲಿ. ಬಂದದ್ದು, ಖರ್ಚಾದದ್ದು, ಖರ್ಚು ಕೊಟ್ಟವರು, ಸಂಸ್ಥೆಗೆ ಸೇರಿದ್ದು, ಬಾಕಿ. ಬಾಕಿ ಇದ್ದರೆ ಇದೆ ಅಂತಲೇ ಬರೆಯಿರಿ. ಹರಾಜಿನಲ್ಲಿ ಗೆದ್ದವರಿಗೆ ವಸ್ತು ತಲುಪಿದೆಯೇ ನೋಡಿ.

ದೇಣಿಗೆ ಪ್ರಮಾಣಪತ್ರ, ಅಂದರೆ ಹಳೆಯ ಕಾಯ್ದೆಯಲ್ಲಿ ಫಾರಂ 10ಬಿಇ ಎನ್ನುತ್ತಿದ್ದದ್ದು, ಸಂಸ್ಥೆಯಿಂದ ಬರಬೇಕು. ಮಾರ್ಚ್‌ನ ದೇಣಿಗೆಗೆ ಅದರ ಗಡುವು ಮೇ 31 ಆಗಿತ್ತು. ಏಪ್ರಿಲ್‌ನಲ್ಲೇ ಸಂಸ್ಥೆಗೆ ದಾನಿಗಳ ಪೂರ್ತಿ ಪಟ್ಟಿ ಕಳಿಸಿ. ಪ್ಯಾನ್ ತಪ್ಪಿದರೆ ಪ್ರಮಾಣಪತ್ರ ಬರುವುದಿಲ್ಲ, ದಾನಿ ಜುಲೈನಲ್ಲಿ ನಿಮಗೇ ಫೋನ್ ಮಾಡುತ್ತಾರೆ.

ಹನ್ನೊಂದನೇ ತಿಂಗಳಲ್ಲಿ ಸಂಸ್ಥೆಗೆ ವರದಿ ಕೇಳಿ ಪತ್ರ ಬರೆಯಿರಿ. ಎಷ್ಟು ಜನ ಅಧ್ಯಯನಕ್ಕೆ ಸೇರಿದರು, ಹಣ ಯಾವುದಕ್ಕೆ ಖರ್ಚಾಯಿತು, ಎಲ್ಲಿ ತಡವಾಯಿತು. ಫಲಿತಾಂಶ ಬಂದಿರುವುದಿಲ್ಲ, ಅಷ್ಟು ಬೇಗ ಬರುವುದೂ ಇಲ್ಲ. ಅದನ್ನು ಹಾಗೆಯೇ ದಾನಿಗಳಿಗೆ ತಿಳಿಸಿ, ವರದಿಯ ಪ್ರತಿ ಜೊತೆಗಿಡಿ. ಎರಡನೇ ವರ್ಷದ ಆಹ್ವಾನ ಪತ್ರ ಆ ವರದಿ ಕೈಗೆ ಬಂದ ಮೇಲೆಯೇ ಅಚ್ಚಿಗೆ ಹೋಗಲಿ.